ಬಾಡಿಗೆಯ ಅರಮನೆಯೋ, ಅಂಗಳದ ಚಪ್ಪರವೋ?

ಮದುವೆಯ ಸೀಸನ್ ಬಂತೆಂದರೆ ಬಿಜ್ಜರಗಿಯಲ್ಲಿರುವ ನನಗೆ ಊರಿನಿಂದ ಫೋನ್ ಬರುವುದುಂಟು. ಮೊದಲೆಲ್ಲ, "ಉಸ್ತಾದರೇ, ಟಿಕೋಟಾ ಕಡೆ ಒಣದ್ರಾಕ್ಷಿ ಕಿಲೋಗೆ ಎಷ್ಟಿದೆ? ಮದುವೆ ಅಡುಗೆಗೆ ಬೇಕಿತ್ತು" ಎಂದು ಕೇಳುತ್ತಿದ್ದರು. ಈಗ ಕೇಳುವುದೇ ಬೇರೆ. "ಉಸ್ತಾದರೇ, ನಿಮ್ಮ ವಿಜಯಪುರದಲ್ಲಿ ಹಳೇ ಅರಮನೆ, ವಾಡೆ ಏನಾದ್ರೂ ಮದುವೆಗೆ ಬಾಡಿಗೆಗೆ ಸಿಗ್ತದಾ? ಹಾಲ್‌ನಲ್ಲಿ ಎಲ್ಲರೂ ಮಾಡ್ತಾರೆ, ನಮ್ಮ ಹುಡುಗನಿಗೆ ಸ್ವಲ್ಪ ಬೇರೆ ತರ ಬೇಕಂತೆ."

ಈ ಆಸೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಎಸಿ ಹಾಲ್‌ಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ದಪ್ಪ ಗೋಡೆ, ಮರದ ಕಂಬ, ಕಲ್ಲಿನ ಕಮಾನು ಇರುವ ಹಳೇ ಮನೆಯಲ್ಲಿ ಒಂದು ಗಾಂಭೀರ್ಯ ಇದೆ. ಆದರೆ ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಆ ಕಟ್ಟಡ ಯಾರದ್ದು? ನಮ್ಮ ಮದುವೆಯನ್ನು ಅದು ತಾಳಿಕೊಳ್ಳುತ್ತದಾ? ಅದರ ಬಾಗಿಲೊಳಗೆ ನಮ್ಮವರೆಲ್ಲ ಬರಲು ಆಗುತ್ತದಾ?

ವಿಜಯಪುರದ ವಿಷಯವನ್ನೇ ಮೊದಲು ಹೇಳುತ್ತೇನೆ. ಇಲ್ಲಿ ಅರಮನೆಗಳಿಗೆ ಬರಗಾಲ ಇಲ್ಲ. ಒಂದನೇ ಅಲಿ ಆದಿಲ್ ಶಾಹ್ 1561ರ ಸುಮಾರಿಗೆ ಕಟ್ಟಿಸಿದ ಗಗನ್ ಮಹಲ್ ನಗರದ ನಡುವೆಯೇ ಇದೆ. ಅದರ ನಡುವಿನ ಕಮಾನು ಸುಮಾರು 20 ಮೀಟರ್ ಅಗಲ. ಎರಡನೇ ಇಬ್ರಾಹೀಮನ ಆನಂದ್ ಮಹಲ್, ಮುಹಮ್ಮದ್ ಆದಿಲ್ ಶಾಹನ ಅಸಾರ್ ಮಹಲ್ ಕೂಡ ಅಲ್ಲೇ ಹತ್ತಿರ. ಆದರೆ ಸಂರಕ್ಷಿತ ಸ್ಮಾರಕಗಳು ಮದುವೆಗೆ ಸಿಗುವ ವಸ್ತುವಲ್ಲ. ಅವು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. 1959ರ ನಿಯಮಗಳ ಪ್ರಕಾರ, ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಇಂಥ ಸ್ಮಾರಕದಲ್ಲಿ ಸಭೆ, ಸತ್ಕಾರ ಕೂಟ, ಪಾರ್ಟಿ ಯಾವುದನ್ನೂ ಮಾಡುವಂತಿಲ್ಲ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. "ನಮಗೆ ಗುರ್ತದವರು ಇದ್ದಾರೆ, ಮಾಡಿಸಿಕೊಡ್ತಾರೆ" ಎನ್ನುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬೇಡಿ.

ನೆರೆದೇಶದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. 2020ರ ಜನವರಿಯಲ್ಲಿ ಲಾಹೋರ್ ಕೋಟೆಯ ಶಾಹಿ ಬಾವರ್ಚಿಖಾನಾ, ಅಂದರೆ ಬಾದಶಾಹರ ಅಡುಗೆಮನೆಯ ಕಟ್ಟಡದಲ್ಲಿ ಕಂಪನಿಯ ಊಟದ ಕೂಟ ಎಂದು ಅನುಮತಿ ಪಡೆದು ಮದುವೆ ಸಮಾರಂಭ ನಡೆಸಿದರು. ಸುದ್ದಿ ದೇಶವೆಲ್ಲ ಹರಡಿತು, ಪೊಲೀಸ್ ಕೇಸೂ ಆಯಿತು. ಮದುಮಕ್ಕಳ ಹೊಸ ಬಾಳು ಸುಳ್ಳು ಹೇಳಿ ಪಡೆದ ಅನುಮತಿಯಿಂದ ಶುರುವಾಗುವುದು ಯಾರಿಗೆ ತಾನೇ ಚೆಂದ?

ಇನ್ನು ಮದುವೆ ಅಲ್ಲದಿದ್ದರೂ ಫೋಟೋ ತೆಗೆಸಿಕೊಳ್ಳುವ ಹುಚ್ಚು ಇದೆ. ಗೋಳಗುಮ್ಮಟದ ಮುಂದೆ, ಇಬ್ರಾಹಿಂ ರೋಜಾದ ಮೆಟ್ಟಿಲ ಮೇಲೆ ಮದುಮಕ್ಕಳು ಕೈಕೈ ಹಿಡಿದು ನಿಲ್ಲುವುದು, ಹಿಂದೆ ಡ್ರೋನ್ ಹಾರುವುದು. ಇವು ಅರಮನೆಗಳಲ್ಲ ಎಂಬುದು ಎಷ್ಟೋ ಜನರಿಗೆ ಮರೆತೇ ಹೋಗಿದೆ. ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ. ಒಳಗೆ ಜಗತಿಯ ಮೇಲೆ ಕಾಣುವುದು ಗುರುತಿನ ಕಲ್ಲುಗಳು ಮಾತ್ರ, ನಿಜವಾದ ಕಬರುಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಇಬ್ರಾಹಿಂ ರೋಜಾದಲ್ಲಿ ಎರಡನೇ ಇಬ್ರಾಹೀಮ್ ಮತ್ತು ಬೇಗಂ ತಾಜ್ ಸುಲ್ತಾನಾ ಮಲಗಿದ್ದಾರೆ, ಎದುರಿಗೇ ಮಸೀದಿ ಇದೆ. ನಮ್ಮೂರಿನ ಖಬರಸ್ಥಾನದಲ್ಲಿ ನಿಂತು ಮದುವೆಯ ಫೋಟೋ ತೆಗೆಸಲು ಯಾರಾದರೂ ಒಪ್ಪುತ್ತಾರಾ? ಕಲ್ಲಿನ ಕೆತ್ತನೆ ಚೆಂದ ಇದೆ ಎಂದ ಮಾತ್ರಕ್ಕೆ ಕಬರು ಕಬರಲ್ಲ ಎಂದಾಗುವುದಿಲ್ಲ. ಅಲ್ಲಿಗೆ ಹೋಗಿ, ಸಲಾಂ ಹೇಳಿ, ಮಕ್ಕಳಿಗೆ ಇತಿಹಾಸ ತೋರಿಸಿ. ಅದು ಒಳ್ಳೆಯದೇ.

ಆ ಇತಿಹಾಸದಲ್ಲೇ ಒಂದು ದೊಡ್ಡ ಮದುವೆಯೂ ಇದೆ. ತಾಳಿಕೋಟೆ ಯುದ್ಧಕ್ಕೆ ಸ್ವಲ್ಪ ಮೊದಲು ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಒಂದನೇ ಅಲಿ ಆದಿಲ್ ಶಾಹ್‌ಗೆ ಮದುವೆ ಮಾಡಿಕೊಟ್ಟಾಗ ಹೆಣ್ಣಿನ ಕಡೆಯವರು ಸೊಲ್ಲಾಪುರದ ಕೋಟೆಯನ್ನೇ ಬಳುವಳಿ ಕೊಟ್ಟರು. 1686ರಲ್ಲಿ ಔರಂಗಜೇಬನ ಸೈನ್ಯ ಬಂದು ಬಿಜಾಪುರದ ಸಲ್ತನತ್ತೇ ಮುಗಿಯಿತು. ಆ ಕೋಟೆಯನ್ನು ಈಗ ಯಾರೂ ನೆನೆಯುವುದಿಲ್ಲ. ಶತ್ರುಗಳ ಎದುರು ಕತ್ತಿ ಹಿಡಿದು ಅಹ್ಮದ್‌ನಗರವನ್ನು ಕಾದ ಹೆಣ್ಣುಮಗಳು ಎಂದು ಚಾಂದ್ ಬೀಬಿಯನ್ನು ಮಾತ್ರ ಇಂದಿಗೂ ನೆನೆಯುತ್ತಾರೆ.

ಹಾಗಾದರೆ ಖಾಸಗಿ ವಾಡೆಗಳ ಕಥೆ ಏನು? ಈ ಕಡೆ ಗೌಡರ, ದೇಸಾಯರ ದೊಡ್ಡ ಮನೆಗೆ ವಾಡೆ ಎನ್ನುತ್ತಾರೆ. ಎತ್ತರದ ಬಾಗಿಲು, ಪಡಸಾಲೆ, ಸಾಗುವಾನಿ ಕಂಬ, ಮೇಲೆ ಮರದ ತೊಲೆಗಳ ಮೇಲೆ ಮಣ್ಣು ಹಾಕಿದ ಮೇಲ್ಮುದ್ದೆ. ಇಂಥ ಮನೆಯನ್ನು ಕಟ್ಟಿದ್ದು ಒಂದು ಕುಟುಂಬಕ್ಕೆ ಮತ್ತು ಅದರ ದವಸಕ್ಕೆ. ಸಾವಿರ ಜನ, ಡಿಜೆಯ ಸದ್ದು, ಮಾಳಿಗೆ ಹತ್ತಿ ನಿಂತ ಹುಡುಗರು, ಹಳೇ ವೈರಿಗೆ ಜೋತುಬಿಟ್ಟ ಲೈಟಿನ ಸರ, ಮರದ ಕಂಬದ ಪಕ್ಕದಲ್ಲೇ ಗ್ಯಾಸ್ ಒಲೆ, ಇದನ್ನೆಲ್ಲ ಅದು ತಾಳುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. ಮೈಸೂರಿನ ಹಳೇ ಅರಮನೆ ಬಹುಪಾಲು ಮರದ್ದಾಗಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲೇ ಅದಕ್ಕೆ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗ ನಾವು ನೋಡುವ ಅರಮನೆ ಅದರ ನಂತರ ಕಟ್ಟಿದ್ದು. 1912ರಲ್ಲಿ ಮುಗಿಯುವ ಹೊತ್ತಿಗೆ 41 ಲಕ್ಷಕ್ಕೂ ಹೆಚ್ಚು ಖರ್ಚಾಗಿತ್ತು. ಮನೆಯ ಅರಮನೆ ಇಲ್ಲದ್ದರಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ 1900ರಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯಿತು. ಆಳುಕಾಳು, ಕಾವಲು ಎಲ್ಲ ಇದ್ದ ಮಹಾರಾಜರ ಮನೆಗೇ ಹೀಗಾದರೆ, ಒಂದು ದಿನಕ್ಕೆ ಬಾಡಿಗೆ ಕೊಟ್ಟು ಒಳಗೆ ಹೋಗುವ ನಮ್ಮ ಪಾಡೇನು?

"ಬಾಡಿಗೆ ಬಂದರೆ ಹಳೇ ಮನೆ ಉಳೀತದಲ್ಲ ಉಸ್ತಾದರೇ" ಎಂದು ಒಬ್ಬರು ವಾದ ಮಾಡಿದರು. ಈ ಮಾತಿನಲ್ಲಿ ಹುರುಳಿದೆ. ಬೀಗ ಹಾಕಿಟ್ಟ ಮನೆಗಿಂತ ಜನ ಓಡಾಡುವ ಮನೆ ಹೆಚ್ಚು ದಿನ ಬಾಳುತ್ತದೆ. ಬಾಡಿಗೆಯ ಹಣದಲ್ಲಿ ಮಾಡು ರಿಪೇರಿ ಮಾಡಿಸುವ ಮಾಲೀಕರಿದ್ದರೆ ಅಲ್ಲಿ ಮದುವೆ ಮಾಡುವುದರಿಂದ ಆ ಮನೆಗೂ ಉಪಕಾರವೇ. ಆದರೆ ಹಿಡಿಯುವಷ್ಟೇ ಜನರನ್ನು ಕರೆಯಿರಿ. ಕಾರ್ಯಕ್ರಮ ಹಗಲಲ್ಲಿರಲಿ. ಅಡುಗೆ ಹೊರಗೆ ದೂರದಲ್ಲಾಗಲಿ, ಕರೆಂಟಿಗೆ ಬೇರೆ ಜನರೇಟರ್ ಇರಲಿ. ಗೋಡೆಗೆ ಒಂದು ಮೊಳೆಯೂ ಬೀಳಬಾರದು, ಪಟಾಕಿ ಬೇಡವೇ ಬೇಡ. ಮಂಡಿನೋವಿನ ಉಮ್ಮಂದಿರು ಹತ್ತಲಾರದ ಮೆಟ್ಟಿಲು ಎಷ್ಟಿವೆ, ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂಬುದನ್ನೂ ಮೊದಲೇ ಹೋಗಿ ನೋಡಿ ಬನ್ನಿ.

ಮೂರನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ದೊಡ್ಡದು. ದೂರದ ಊರಿನ ಅರಮನೆಯಲ್ಲಿ ಮದುವೆ ಇಟ್ಟರೆ ಬರುವವರು ಯಾರು? ಕಾರು ಇರುವವರು, ಎರಡು ದಿನ ರಜೆ ಹಾಕಲು ಆಗುವವರು. ಮೀನು ಮಾರುವ ಕಾಕ, ಬೀಡಿ ಕಟ್ಟುವ ನೆರೆಮನೆಯ ಇತ್ತ, ಮಸೀದಿಯ ಮುಕ್ರಿ ಬರುವುದಿಲ್ಲ. ಅವರಿಗೆ ಕಾಗದ ಕೊಟ್ಟರೂ ಕೊಡದಂತೆಯೇ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟ ಊಟಗಳಲ್ಲೇ ಕೆಟ್ಟದ್ದು ಎಂಬ ಹದೀಸ್ ನಮಗೆಲ್ಲ ಗೊತ್ತು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಪ್ರವಾದಿ(ಸ) ಒಂದು ಆಡಾದರೂ ಸರಿ, ವಲೀಮಾ ಕೊಡು ಎಂದಿದ್ದರು. ಅವರು ಮದೀನದ ಅನುಕೂಲಸ್ಥ ವ್ಯಾಪಾರಿಯಾದವರು. ಅವರಿಗೆ ಹೇಳಿದ ಅಳತೆಯೇ ಅಷ್ಟು. ಇನ್ನು ಈ ಅರಮನೆಯ ಬಿಲ್ಲು ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ? ಹುಡುಗನ ಆಸೆ, ಹುಡುಗಿಯ ಉಪ್ಪನ ಸಾಲ. ವರದಕ್ಷಿಣೆ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ಇಂಥ ಹಾಲ್ ಬೇಕು, ಅಂಥ ಅರಮನೆ ಬೇಕು ಎಂದರೆ ಅದು ಬೇರೆ ಹೆಸರಿನ ವರದಕ್ಷಿಣೆಯೇ.

ಹಳೇ ಮನೆಯಲ್ಲೇ ಮದುವೆ ಆಗಬೇಕೆಂಬ ಆಸೆ ನಿಜವಾಗಿದ್ದರೆ ನಮ್ಮದೇ ಹಳೇ ಮನೆಗಳಿವೆಯಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಹಂಚಿನ ಮನೆಗಳು ಎದ್ದವು. ದೊಡ್ಡ ಜಗಲಿ, ಮರದ ಅಟ್ಟ, ಅಂಗಳ, ಬಾವಿ. ಆ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು, ಮಡಲಿನ ಚಪ್ಪರ ಹಾಕಿ ನಮ್ಮ ಹಿರಿಯರು ಮದುವೆ ಮಾಡಿದರು. ಚಪ್ಪರಕ್ಕೆ ನೆರೆಕರೆಯವರೇ ಬರುತ್ತಿದ್ದರು. ಮೈಲಾಂಜಿಯ ರಾತ್ರಿ ಹೆಂಗಸರು ಒಳಗೆ, ಗಂಡಸರು ಜಗಲಿಯಲ್ಲಿ. ಬಿಜ್ಜರಗಿಯ ಸುತ್ತಮುತ್ತ ಇಂದಿಗೂ ಮನೆಯ ಮುಂದೆ ಹಂದರ ಹಾಕಿ ಮದುವೆ ಮಾಡುವವರಿದ್ದಾರೆ. ನಾವು ಮಾತ್ರ ಆ ಮನೆಯನ್ನು ಜೆಸಿಬಿಯಿಂದ ಕೆಡವಿ, ಕಂಬಗಳನ್ನು ಹಳೇ ಸಾಮಾನಿನವನಿಗೆ ಮಾರಿ, ಆಮೇಲೆ ಲಕ್ಷಗಟ್ಟಲೆ ಕೊಟ್ಟು ಬೇರೆಯವರ ಹಳೇ ಮನೆ ಹುಡುಕುತ್ತಾ ಹೊರಟಿದ್ದೇವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಷ್ಟೋ ಹಳೇ ಮನೆಗಳು ಉಪ್ಪ ತೀರಿ ಇಪ್ಪತ್ತು ವರ್ಷವಾದರೂ ಪಾಲಾಗಿರುವುದಿಲ್ಲ. ಅಲ್ಲಿ ಅಣ್ಣತಮ್ಮಂದಿರಂತೆ ಅಕ್ಕತಂಗಿಯರಿಗೂ ಕುರ್‌ಆನ್ ಗೊತ್ತುಪಡಿಸಿದ ಹಕ್ಕಿದೆ. ಆ ಮನೆಯನ್ನು ಕೆಡವುವುದಿರಲಿ, ಬಾಡಿಗೆಗೆ ಕೊಡುವುದಿರಲಿ, ಅವರ ಒಪ್ಪಿಗೆ ಇಲ್ಲದೆ ನಡೆಯುವಂತಿಲ್ಲ. ಮಗನ ಮದುವೆಗೆ ಹಳೇ ಮನೆಗೆ ಸುಣ್ಣ ಬಳಿಸುವ ಮೊದಲು ತಂಗಿಯ ಮನೆಗೆ ಹೋಗಿ ಪಾಲಿನ ಮಾತು ಮುಗಿಸಿ ಬನ್ನಿ.

ಈ ವರ್ಷ ಮನೆಯಲ್ಲಿ ಮದುವೆ ಇರುವವರಿಗೆ ನನ್ನ ವಿನಂತಿ ಇಷ್ಟೇ. ಅರಮನೆಗೆ ಕೊಡಬೇಕೆಂದಿರುವ ಮುಂಗಡದ ಹಣವನ್ನು ಕೈಯಲ್ಲಿಟ್ಟುಕೊಂಡು ಒಮ್ಮೆ ಅಜ್ಜನ ಮನೆಗೆ ಹೋಗಿ ನೋಡಿ. ಒಡೆದ ಹಂಚು ಎಷ್ಟು, ಗೆದ್ದಲು ಹಿಡಿದ ಪಕ್ಕಾಸು ಎಷ್ಟು ಎಂದು ಒಬ್ಬ ಆಚಾರಿಯನ್ನು ಕರೆದು ಲೆಕ್ಕ ಹಾಕಿಸಿ. ರಿಪೇರಿ ಮಾಡಿಸಿದರೆ ಮದುವೆ ಮುಗಿದ ಮರುದಿನವೂ ಆ ಮನೆ ನಿಮ್ಮದೇ ಆಗಿರುತ್ತದೆ. ನಿಖಾಹ್ ಮೊಹಲ್ಲಾದ ಮಸೀದಿಯಲ್ಲಾಗಲಿ, ಊಟ ಆ ಅಂಗಳದಲ್ಲಾಗಲಿ. ಮುಕ್ರಿಕಾಕನಿಗೆ ನಡೆದುಕೊಂಡೇ ಬರಲು ಆಗುತ್ತದೆ.