ಬಾಕ್ಸ್ ಮ್ಯಾಲಿನ ಕೆಲ್ವಿನ್ ನಂಬರಿಗೆ ರೊಕ್ಕ ಸುರೀಬ್ಯಾಡ್ರಿ

(1/5)
ದೋಸ್ತರ, ಗಿಡ ಹಾಕಿದ ಫಿಶ್ ಟ್ಯಾಂಕ್ ಫೋಟೊ ಹಾಕಿದಾಗೆಲ್ಲ ಬರೋ ಪ್ರಶ್ನೆ ಒಂದೇ: "ಲೈಟ್ ಎಷ್ಟು ಕೆಲ್ವಿನ್‌ದು ತಗೋಬೇಕು?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕೆಲ್ವಿನ್ ನಂಬರ್ ಇರೋದು ನಮ್ಮ ಕಣ್ಣಿಗೆ. ಗಿಡಕ್ಕೆ ಬೇಕಾದದ್ದು ಸಾಕಷ್ಟು ಬೆಳಕು, ಅದೂ ದಿನಾ ಒಂದೇ ಟೈಮಿಗೆ. ಮೊದಲನೇ ಟ್ಯಾಂಕಿಗೆ "ಪ್ಲಾಂಟ್ ಸ್ಪೆಷಲ್" ಅಂತ ಬರೆದ ದುಬಾರಿ ಲೈಟ್ ಬ್ಯಾಡ. ನಾಲತವಾಡ, ಮುದ್ದೇಬಿಹಾಳದ ಎಲೆಕ್ಟ್ರಿಕಲ್ ಅಂಗಡ್ಯಾಗ ಸಿಗೋ 6500 ಕೆಲ್ವಿನ್ ಬಿಳಿ ಎಲ್‌ಇಡಿ ಸಾಕು.

(2/5) ಕೆಲ್ವಿನ್ ಅಂದ್ರ ಏನು?
ಕಮ್ಮಾರರ ಕುಲುಮಿ ನೆನಪು ಮಾಡ್ಕೊಳ್ರಿ. ಕಬ್ಬಿಣ ಕಾದಂಗ ಮೊದಲು ಕೆಂಪಗ, ಆಮೇಲೆ ಹಳದಿ, ಕಡೀಗೆ ಬೆಳ್ಳಗ ಹೊಳೀತದ. ಶಾಖಕ್ಕೆ ತಕ್ಕಂತೆ ಬೆಳಕಿನ ಬಣ್ಣ ಬದಲಾಗೋ ಆ ಲೆಕ್ಕವೇ ಕೆಲ್ವಿನ್. 3000 ಅಂದ್ರ ಹಳದಿ ಬೆಳಕು, 4000 ನಡುವಿನ ಬಿಳಿ, 6500 ನಡುಹಗಲಿನ ಬೆಳಕಿನಂಗ, 10000 ನೀಲಿ ಛಾಯೆ.

ಆದ್ರ ಎಲ್‌ಇಡಿ ಒಳಗ ಕುಲುಮಿ ಇಲ್ಲ. ನೀಲಿ ಚಿಪ್ ಮ್ಯಾಲೆ ಹಳದಿ ಫಾಸ್ಫರ್ ಲೇಪ ಹಚ್ಚಿ ಬಿಳಿ ಬೆಳಕು ಬರಂಗ ಮಾಡಿರ್ತಾರ. ಹಿಂಗಾಗಿ ಎರಡು ಲೈಟ್ ಮ್ಯಾಲೂ 6500 ಅಂತಲೇ ಇದ್ರೂ, ಒಳಗಿನ ಕೆಂಪು-ನೀಲಿ ಪಾಲು ಬೇರೆ ಬೇರೆ ಇರಬಹುದು. ನಮ್ಮ ಬಿಕಾಂ ಭಾಷೆನಾಗ ಹೇಳ್ಬೇಕಂದ್ರ, ಎರಡು ಬ್ಯಾಲೆನ್ಸ್ ಶೀಟಿನ ಟೋಟಲ್ ಒಂದೇ ಇದ್ದಂಗ. ಟೋಟಲ್ ನೋಡಿ ಕಂಪನಿ ಹೆಂಗೈತಿ ಅಂತ ಹೇಳಾಕ ಆಗ್ತದೇನು?

(3/5) ಗಿಡ ಏನು ತಿಂತದ?
ಗಿಡ ಸುಮಾರು 400ರಿಂದ 700 ನ್ಯಾನೊಮೀಟರ್ ತನಕದ ಬೆಳಕು ಬಳಸ್ತದ. ಹೆಚ್ಚು ಎಳಕೊಳ್ಳೋದು ನೀಲಿ ಮತ್ತ ಕೆಂಪು, ಹಸಿರನ್ನೂ ಪೂರ್ತಿ ಬಿಡಂಗಿಲ್ಲ. ಪಿಯು ಸೈನ್ಸ್ ಓದಿದವರಿಗೆ ಎಂಗೆಲ್ಮನ್ ಪ್ರಯೋಗ ನೆನಪಿರಬೇಕು: ಪಾಚಿ ಮ್ಯಾಲೆ ಪ್ರಿಸಂನಿಂದ ಬಣ್ಣ ಬಿಟ್ಟಾಗ, ಆಕ್ಸಿಜನ್ ಹುಡುಕೋ ಬ್ಯಾಕ್ಟೀರಿಯಾ ನೀಲಿ ಮತ್ತ ಕೆಂಪು ಭಾಗಕ್ಕೆ ಹೋಗಿ ಗುಂಪುಗೂಡಿದ್ವು.

ಬಿಳಿ ಎಲ್‌ಇಡಿನಾಗ ಈ ಬಣ್ಣ ಎಲ್ಲಾ ಅದಾವ. 3000 ಕೆಲ್ವಿನ್ ಕೆಳಗೂ ಗಿಡ ಬೆಳೀತದ, ಟ್ಯಾಂಕ್ ಮಾತ್ರ ಅರಿಷಿಣ ನೀರಿನಂಗ ಕಾಣ್ತದ. ಅದಕ್ಕ 5000ರಿಂದ 7000 ಆರಿಸ್ಕೊಳ್ರಿ ಅನ್ನೋದು: ಹಸಿರು ಹಸಿರಾಗೇ ಕಾಣ್ತದ, ಮೀನಿನ ಬಣ್ಣನೂ ಸರಿಯಾಗಿ ಕಾಣ್ತದ. ಗುಲಾಬಿ ಬೆಳಕಿನಾಗ ಕೆಂಪು ಗಿಡ ಇನ್ನೂ ಕೆಂಪಗ ಕಂಡ್ರ, ಎಲಿ ನಿಜವಾಗಿ ಕೆಂಪಾಗೇತಿ ಅಂತ ಅಲ್ಲ.

(4/5) ಹಂಗಾದ್ರ ಏನು ನೋಡಬೇಕು?
ಲ್ಯೂಮೆನ್. ಅದೂ ಬಾಕ್ಸ್ ಮ್ಯಾಲೇ ಇರ್ತದ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್ ನೀರು. ಸರಳ ಗಿಡಗಳಿಗೆ ಲೀಟರಿಗೆ 15ರಿಂದ 20 ಲ್ಯೂಮೆನ್ ಅಂತ ಹಿಡಿದ್ರ 1000 ಲ್ಯೂಮೆನ್ ಆಸುಪಾಸು ಸಾಕು, ಅಂದ್ರ 10 ವ್ಯಾಟಿನ ಒಂದು ಟ್ಯೂಬ್. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಕ್ರಿಪ್ಟೊಕೊರೈನ್, ಜಾವಾ ಫರ್ನ್, ಅನುಬಿಯಾಸ್ ಎಲ್ಲಾ ಇಷ್ಟರಾಗ ಬದುಕ್ತಾವ.

ದಿನಕ್ಕ 6ರಿಂದ 8 ತಾಸು ಹಚ್ಚಿದ್ರ ಸಾಕು, ಮರೆಯೋರು ಟೈಮರ್ ಪ್ಲಗ್ ಹಾಕ್ರಿ. 10 ವ್ಯಾಟ್, 8 ತಾಸು, 30 ದಿನ: ತಿಂಗಳಿಗೆ ಬರೀ 2.4 ಯೂನಿಟ್. ಜಾಸ್ತಿ ಹೊತ್ತು ಹಚ್ಚಿದ್ರ ಗಿಡ ಜಾಸ್ತಿ ಬೆಳಿಯಂಗಿಲ್ಲ. ಕಾರ್ಬನ್ ಡೈಆಕ್ಸೈಡ್, ಗೊಬ್ಬರ ಅಷ್ಟೇ ಇದ್ದಾಗ ಉಳಿದ ಬೆಳಕು ಪಾಚಿಗೆ ಲಾಭ. ಬಿಸಿಲು ಪುಕ್ಕಟೆ ಅಂತ ಕಿಟಕಿ ಬಾಜೂಕ ಇಡಬ್ಯಾಡ್ರಿ, ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಮೀನು ಬೆಂದೇ ಹೋಗ್ತಾವ. ಇನ್ನೊಂದು, ತೆರೆದ ನೀರಿನ ಮ್ಯಾಲೆ ಬರೀ ಹೋಲ್ಡರ್ ತೂಗಬ್ಯಾಡ್ರಿ. ನಡುವೆ ಗಾಜಿನ ಮುಚ್ಚಳ ಇರಲಿ.

(5/5) ಯಾಕಿಷ್ಟು ಹೇಳಾಕತ್ತೀನಿ?
ಯಾಕಂದ್ರ ಗಿಡ ಕೊಳೆತ ಕೂಡ್ಲೇ "ನಿಮ್ಮ ಕೆಲ್ವಿನ್ ಸರಿ ಇಲ್ಲ" ಅಂತ ಹೊಸ ಲೈಟ್ ಮಾರೋರು ಅದಾರ. ಕ್ರಿಪ್ಟೊಕೊರೈನ್ ಹೊಸ ನೀರಿಗೆ ಬಂದಾಗ ಎಲಿ ಕರಗಿಸಿಕೊಳ್ಳೋದು ಅದರ ಗುಣ. ಬೇರು ಗಟ್ಟಿ ಇದ್ರ ಕೆಲವು ವಾರದಾಗ ಮತ್ತ ಚಿಗುರ್ತದ. ಅಷ್ಟು ಕಾಯದ ಲೈಟ್ ಬದಲಿಸಿದ್ರ ಪಾಕೆಟ್ ಮನಿನೂ ಹೋಗ್ತದ, ಹವ್ಯಾಸನೂ ಅಲ್ಲೇ ನಿಲ್ತದ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟು ಕೆಂಪು ಗಿಡದ ತೋಟ ಮಾಡೋರಿಗೆ ಒಳ್ಳೆ ಲೈಟ್ ಬೇಕೇ ಬೇಕು, ಒಪ್ತೀನಿ. ಅವರೂ ಗಿಡಕ್ಕೆ ತಲುಪೋ ಬೆಳಕಿನ ಪ್ರಮಾಣ ನೋಡಿ ತಗೋಬೇಕು, ಕೆಲ್ವಿನ್ ನೋಡಿ ಅಲ್ಲ.

ನಿಮ್ಮ ಟ್ಯಾಂಕ್ ಅಳತಿ, ಲೈಟಿನ ಲ್ಯೂಮೆನ್, ಎಷ್ಟು ತಾಸು ಹಚ್ತೀರಿ, ಈ ಮೂರು ಕಮೆಂಟಿನಾಗ ಬರೀರಿ. ಕೂಡಿ ಲೆಕ್ಕ ಹಾಕೋಣ.

#ನಾಲತವಾಡ #ಗಿಡದಟ್ಯಾಂಕ್ #ಕನ್ನಡಅಕ್ವೇರಿಯಂ