ಮಂಜು ಕಟ್ಟಿದ ಗಾಜಿನಿಂದ ಆರ್ದ್ರತೆಯ ಪಾಠ

ಆರ್ದ್ರತೆ, ಸಾಂದ್ರೀಕರಣಗಳನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಸಾಮಾನ್ಯವಾಗಿ ವ್ಯಾಖ್ಯೆಯಿಂದ ಆರಂಭಿಸಿ, ಐಸ್ ಹಾಕಿದ ಸ್ಟೀಲ್ ಲೋಟ ತೋರಿಸಿ ಮುಗಿಸುತ್ತೇವೆ. ಮಕ್ಕಳು ವ್ಯಾಖ್ಯೆ ಬರೆಯುತ್ತಾರೆ, ಅಂಕವೂ ಬರುತ್ತದೆ. ಆದರೆ 'ಒಣಗಲು ಬಿಸಿಯೊಂದೇ ಸಾಕು' ಎಂಬ ಅವರ ತಿಳಿವಳಿಕೆ ಹಾಗೇ ಉಳಿಯುತ್ತದೆ. ಅದನ್ನು ಅಲುಗಾಡಿಸುವ ಪ್ರಶ್ನೆಯಿಂದಲೇ ಪಾಠ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ಅಂಥ ಒಂದು ಪ್ರಶ್ನೆ: ಮಳೆಗಾಲದಲ್ಲೂ ಚಳಿಗಾಲದಲ್ಲೂ ಕಾರಿನ ಮುಂಗಾಜಿನ ಒಳಬದಿಗೆ ಮಂಜು ಕಟ್ಟಿದರೆ ಎ.ಸಿ. ಹಾಕುವುದೇಕೆ?

ಕಿಟಕಿ ಮುಚ್ಚಿದ ಕಾರಿನಲ್ಲಿ ಉಸಿರು, ಒದ್ದೆ ಬಟ್ಟೆಗಳಿಂದ ನೀರಾವಿ ತುಂಬುತ್ತದೆ. ಅದು ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಗರಿಷ್ಠ ಸುಮಾರು 23 ಗ್ರಾಂ ನೀರಾವಿ ಇರಬಲ್ಲದು. 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ ಮಾತ್ರ. ಎ.ಸಿ.ಯ ತಣ್ಣನೆಯ ಸುರುಳಿಯ ಮೇಲೆ ಹಾಯ್ದ ಗಾಳಿ ಹೆಚ್ಚಿನ ನೀರನ್ನು ಅಲ್ಲೇ ಬಿಡುತ್ತದೆ. ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಅದೇ. ಆ ಗಾಳಿಯನ್ನು ಎಂಜಿನ್ನಿನ ಬಿಸಿಯಿಂದ ಮತ್ತೆ 25 ಡಿಗ್ರಿಗೆ ತಂದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 40. ಆ ಒಣಗಾಳಿ ಗಾಜಿನ ಹನಿಗಳನ್ನು ಹೀರಿಕೊಳ್ಳುತ್ತದೆ. ಅಂದರೆ ಎ.ಸಿ. ಗಾಳಿಯನ್ನು ಒಣಗಿಸುತ್ತದೆ, ಹೀಟರ್ ಬಿಸಿ ಮಾಡುತ್ತದೆ, ಎರಡೂ ಬೇಕು.

'ಜಗಳೂರಿನ ಹಳ್ಳಿ ಮಕ್ಕಳಿಗೆ ಕಾರಿನ ಎ.ಸಿ. ಎಲ್ಲಿಯದು?' ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮಳೆಯಲ್ಲಿ ಬಸ್ಸಿನ ಗಾಜನ್ನು ಬಟ್ಟೆಯಿಂದ ಒರೆಸುವ ಚಾಲಕರನ್ನು ನೋಡದ ಮಗುವಿಲ್ಲ. ನಾವು ಬೋಧನಾಭ್ಯಾಸಕ್ಕೆ ಹೋಗುವ ಊರುಗಳಲ್ಲೇ ಇದೇ ತತ್ವದ ಬೇರೆ ಉದಾಹರಣೆಗಳಿವೆ. ಚನ್ನಗಿರಿಯಲ್ಲಿ ಸೋನೆ ಹಿಡಿದರೆ ಬೇಯಿಸಿದ ಅಡಿಕೆ ಒಣಗುವುದಿಲ್ಲ. ಮಳೆಗಾಲದಲ್ಲಿ ಹೊನ್ನಾಳಿ, ನ್ಯಾಮತಿಯ ಕಡೆ ಎರಡು ದಿನವಾದರೂ ಹಸಿಯಾಗೇ ಇರುವ ಬಟ್ಟೆ, ಬರಪೀಡಿತ ಜಗಳೂರಿನ ಒಣಗಾಳಿಯಲ್ಲಿ ಬೇಗ ಒಣಗುತ್ತದೆ. ಬಿಸಿಯಷ್ಟೇ ಅಲ್ಲ, ಗಾಳಿಯ ಶುಷ್ಕತೆಯೂ ಮುಖ್ಯ ಎಂದು ಮಕ್ಕಳು ತಾವೇ ಹೇಳಬಲ್ಲರು.

ಇನ್ನೊಂದು ಆಕ್ಷೇಪ ಸಮಯದ್ದು. ಮಕ್ಕಳ ಊಹೆಗಳನ್ನು ಕೇಳುತ್ತ ಕುಳಿತರೆ ಒಂದೇ ಅವಧಿಯಲ್ಲಿ ಪಾಠಯೋಜನೆಯ ಎಲ್ಲ ಹಂತಗಳೂ ಮುಗಿಯುವುದಿಲ್ಲ, ವೀಕ್ಷಣಾ ಪತ್ರದಲ್ಲಿ ಅಂಕ ಹೋಗುತ್ತದೆ ಎಂಬ ಭಯ ನಮಗಿದೆ. ಆದ್ದರಿಂದ ಬೋಧಕರಲ್ಲಿ ನನ್ನ ವಿನಂತಿ: 'ಮಕ್ಕಳ ಪೂರ್ವಕಲ್ಪನೆಯನ್ನು ಹೊರತೆಗೆದು ಪರೀಕ್ಷಿಸಿದರೇ?' ಎಂಬುದಕ್ಕೂ ವೀಕ್ಷಣಾ ಪತ್ರದಲ್ಲಿ ಅಂಕವಿರಲಿ. ಆಗ 'ತಂಪು ಮಾಡುವ ಯಂತ್ರ ಒಣಗಿಸುವುದು ಹೇಗೆ?' ಎಂದು ಕೇಳುವ ಮಗುವನ್ನು ಸುಮ್ಮನೆ ಕೂರಿಸುವ ಒತ್ತಡ ನಮಗಿರುವುದಿಲ್ಲ.