ಸಿಂಕಿನ ಕೆಳಗಿನ ನೆಂಟರು

ಡಬ್ಬಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದೀರಿ, ಮೂಲೆಮೂಲೆಗೂ ಔಷಧಿ ಹೊಡೆಸಿದ್ದೀರಿ. ಆದರೂ ರಾತ್ರಿ ದೀಪ ಹಾಕಿದರೆ ಜಿರಳೆಗಳ ಸಂತೆಯೇ? ಹಾಗಾದರೆ ಓದುಗರೇ, ಒಮ್ಮೆ ಟಾರ್ಚ್ ಹಿಡಿದು ಸಿಂಕಿನ ಕೆಳಗೆ ಬಗ್ಗಿ ನೋಡಿ. ಪೈಪಿನ ಜೋಡಣೆ ಒದ್ದೆಯಾಗಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ಜಿರಳೆ ಊಟವಿಲ್ಲದೆ ವಾರಗಟ್ಟಲೆ ಇರಬಲ್ಲದು. ನೀರಿಲ್ಲದೆ ಅಷ್ಟು ಕಾಲ ತಾಳಲಾರದು. ಇಲಿಗೂ ದಿನಾ ನೀರು ಬೇಕು. ಗೋಡೆಯೊಳಗಿನ ಪೈಪು ಒಸರಿದರೆ ಆ ತೇವ ಗೆದ್ದಲಿಗೆ ಹಬ್ಬ. ಬಾಗಿಲ ಚೌಕಟ್ಟು, ಬೀರುವಿನ ಹಿಂಬದಿ ಸದ್ದಿಲ್ಲದೆ ಟೊಳ್ಳಾಗುತ್ತವೆ.

ಇವೆಲ್ಲಕ್ಕಿಂತ ಅಪಾಯದ ಅತಿಥಿ ಡೆಂಗ್ಯೂ ಹರಡುವ ಸೊಳ್ಳೆ. ಅದು ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ನಿಂತ ತಿಳಿನೀರಿನಲ್ಲಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ನಾವು ಇಟ್ಟು ಮರೆಯುವ ಬಕೆಟ್ಟು, ಸರಿಯಾಗಿ ಮುಚ್ಚದ ಸಂಪು, ಮೀಟರಿನ ಗುಂಡಿ ಅದಕ್ಕೆ ಸಾಕು. ಸುಮಾರು ಒಂದು ವಾರ, ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ಅದು ಬಹುದೂರ ಹೋಗುವುದೂ ಇಲ್ಲ. ಮಗುವನ್ನು ಹಗಲಲ್ಲಿ ಕಚ್ಚಿದ ಸೊಳ್ಳೆ ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದಿರಬಹುದು.

ಶಂಶಾಬಾದಿನಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಹೊಸ ಮನೆಗಳು, ಅಪಾರ್ಟ್‌ಮೆಂಟುಗಳು ಎದ್ದಿವೆ. ದಸರಾಕ್ಕೋ ಬೇಸಿಗೆಗೋ ಬೀಗ ಹಾಕಿ ಊರಿಗೆ ಹೊರಡುವ ನಮ್ಮವರು ಗ್ಯಾಸ್ ಆರಿಸಿದೆಯೇ ಎಂದು ಎರಡು ಸಲ ನೋಡುತ್ತಾರೆ, ನೀರಿನ ವಾಲ್ವನ್ನು ಮರೆಯುತ್ತಾರೆ. ಸೆಕೆಂಡಿಗೆ ಒಂದು ಹನಿಯೆಂದರೆ ದಿನಕ್ಕೆ 86,400 ಹನಿ, ಸುಮಾರು 20 ಲೀಟರು! ಅದು ಕೆಳಗಿನ ಮನೆಯ ಛಾವಣಿಗೆ ಇಳಿದರೆ ನೆರೆಯವರ ಸ್ನೇಹವೂ ಹನಿಹನಿಯಾಗಿ ಸೋರುತ್ತದೆ.

ಪತ್ತೆ ಮಾಡುವುದು ಸುಲಭ. ರಾತ್ರಿ ಎಲ್ಲ ನಲ್ಲಿಗಳನ್ನು ನಿಲ್ಲಿಸಿ ಮೀಟರಿನ ಅಂಕಿ ಬರೆದಿಡಿ. ಮೀಟರಿಲ್ಲದಿದ್ದರೆ ನಿಮ್ಮ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಯಾರೂ ನೀರು ಬಳಸದಿದ್ದರೂ ಬೆಳಿಗ್ಗೆ ವ್ಯತ್ಯಾಸ ಕಂಡರೆ ಎಲ್ಲೋ ಸೋರಿಕೆಯಿದೆ. ಹಳೆಯ ನಲ್ಲಿಯಾದರೆ ಹಲವು ಸಲ ವಾಷರ್ ಬದಲಿಸಿದರೆ ಸಾಕು. ಗೋಡೆ ಉಬ್ಬಿ ಸುಣ್ಣ ಉದುರುತ್ತಿದ್ದರೆ ಮೇಲೆ ಬಣ್ಣ ಬಳಿಯಬೇಡಿ, ಮೊದಲು ಪ್ಲಂಬರನ್ನು ಕರೆಸಿ.

ಒಂದು ಕಡೆ ಮಾತ್ರ ನೀರು ನಿಂತಿರಲೇಬೇಕು: ವಾಷ್‌ಬೇಸಿನ್ನಿನಡಿಯ ಬಾಗಿದ ಕೊಳವೆ ಮತ್ತು ಬಚ್ಚಲ ಜಾಲರಿಯ ಕೆಳಗಿನ ಟ್ರ್ಯಾಪ್. ಮೋರಿಯ ವಾಸನೆ, ಜಿರಳೆ ಮೇಲೇರದಂತೆ ತಡೆಯುವ ಬಾಗಿಲು ಆ ನೀರೇ. ಬಳಸದ ಬಚ್ಚಲಿಗೆ ವಾರಕ್ಕೊಂದು ಚೊಂಬು ನೀರು ಸುರಿಯಿರಿ.

1908ರ ಮೂಸಿ ಮಹಾಪೂರದ ನಂತರ ಹೈದರಾಬಾದಿಗೆ ಬಂದು, ಪ್ರವಾಹ ತಡೆಗೂ ಒಳಚರಂಡಿಗೂ ಯೋಜನೆ ರೂಪಿಸಿಕೊಟ್ಟವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಶಂಶಾಬಾದಿಗೆ ಹತ್ತಿರದ ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡಿತು. ಅವರು ಒಂದು ಊರಿನ ನೀರನ್ನೇ ಹತೋಟಿಗೆ ತರುವ ದಾರಿ ತೋರಿದರು. ನಮ್ಮ ಪಾಲಿಗೆ ಉಳಿದಿರುವುದು ಒಂದು ನಲ್ಲಿ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುತ್ತೀರಲ್ಲವೇ?